ಮಂಕು ಹಿಡಿದ ಗಿಟಾರು

ಗಿಟಾರು ರಿಪೇರಿಗೆ ಹೊಸದಾಗಿ ಕೈ ಹಾಕಿದವರು ಈಗಲೂ ಒಮ್ಮೊಮ್ಮೆ ಡೊಂಬಿವಲಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಯಾವ ಸೋಲ್ಡರ್ ಒಳ್ಳೆಯದು, ಯಾವ ಮೀಟರ್ ಕೊಳ್ಳಲಿ ಎಂದು ಕೇಳುತ್ತಾರೆ. ಹೇಳಿ ಕಳಿಸುತ್ತೇನೆ. ಜೊತೆಗೆ ಅವರು ಕೇಳದ ಒಂದು ಮಾತನ್ನೂ ಹೇಳುತ್ತೇನೆ: ಗಿರಾಕಿ ಕಾಯಿಲೆಯನ್ನು ವರ್ಣಿಸುವಾಗ ನಡುವೆ ಬಾಯಿ ಹಾಕಬೇಡಿ. ಒಬ್ಬ ‘ಸ್ವರಕ್ಕೆ ನೆಗಡಿ ಆಗಿದೆ’ ಎನ್ನುತ್ತಾನೆ. ಇನ್ನೊಬ್ಬ ‘ರಜಾಯಿ ಹೊದ್ದು ಹಾಡಿದ ಹಾಗಿದೆ’ ಎನ್ನುತ್ತಾನೆ. ಮತ್ತೊಬ್ಬ ‘ಗಲಾ ಬೈಠ್ ಗಯಾ’ ಎಂದು ತನ್ನ ಗಂಟಲನ್ನೇ ಮುಟ್ಟಿ ತೋರಿಸುತ್ತಾನೆ. ಎಲ್ಲರೂ ಹೇಳುವುದು ಒಂದೇ. ಎಲೆಕ್ಟ್ರಿಕ್ ಗಿಟಾರಿನ ಮೇಲುಸ್ವರದ ಹೊಳಪು ಹೋಗಿದೆ, ದನಿ ಮಂಕಾಗಿದೆ. ಆದರೆ ಯಾವಾಗಿನಿಂದ, ಎಲ್ಲಿ, ಏನು ಮಾಡಿದ ಮೇಲೆ ಎನ್ನುವುದು ಆ ವರ್ಣನೆಯ ಬಾಲದಲ್ಲಿ ಇರುತ್ತದೆ. ಬಾಲ ಬರುವ ತನಕ ಕಾಯುವ ತಾಳ್ಮೆ ನನಗೆ ಹುಟ್ಟಿನಿಂದ ಬಂದದ್ದಲ್ಲ, ಕಲಿಯಬೇಕಾಯಿತು.

ನನ್ನ ಹೆಸರು ಜಲಜಾಕ್ಷಿ. ಠಾಣೆಯ ಅಂಗಡಿಯಲ್ಲಿ ಮರಾಠಿಯವರಿಗೆ ಜಲಜಾತಾಯಿ, ಹಿಂದಿಯವರಿಗೆ ಆಂಟಿ, ನಮ್ಮವರಿಗೆ ಜಲಜಕ್ಕ. ಗಿಟಾರು ನುಡಿಸಲು ನನಗೆ ಬರುವುದಿಲ್ಲ. ಇದನ್ನು ಕೇಳಿ ಹೊಸಬರು ಹುಬ್ಬೇರಿಸುತ್ತಾರೆ. ಚಪ್ಪಲಿ ಹೊಲಿಯುವವನನ್ನು ಓಡಿ ತೋರಿಸು ಎಂದು ಯಾರಾದರೂ ಕೇಳುತ್ತಾರೆಯೇ? ಆರೂ ತಂತಿಗಳನ್ನು ಒಂದೊಂದಾಗಿ ಮೀಟಿ ಕಿವಿಗೊಟ್ಟು ಕೂರುವುದಷ್ಟೇ ನನ್ನ ಸಂಗೀತ. ನನ್ನ ಮನೆಯವರು ಅದಕ್ಕೆ ‘ನಿನ್ನ ಟಿಣ್ ಟಿಣ್’ ಎನ್ನುತ್ತಿದ್ದರು.

ಉಡುಪಿ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುವ ಕೆಲಸಕ್ಕೆ ಸೇರಿದೆ. ವಿದ್ಯುತ್ ಸ್ವಿಚ್ಚುಗಳಿಗೆ ಬೇಕಾದ ಕಾಯಿಲ್ ಅದು. ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಸಣ್ಣ ರೀಲಿನ ಮೇಲೆ ಸಾಲಿಗೆ ಸಾಲು ತಾಗಿಸಿ ಸುತ್ತಬೇಕು. ಅಲ್ಲಿ ಉದ್ದಕ್ಕೂ ಕೂತವರೆಲ್ಲ ಹೆಂಗಸರು. ಬೆರಳು ಸಣ್ಣದು, ಸಂಬಳವೂ ಸಣ್ಣದು, ಕಂಪನಿಗೆ ಎರಡೂ ಅನುಕೂಲ. ನಮ್ಮ ಮೇಲ್ವಿಚಾರಕರು ಧಾರವಾಡದ ಕಡೆಯ ಹಿರೇಮಠ ಸಾಹೇಬರು. ಯಾರ ಮನೆಯಲ್ಲಿ ಜಗಳವಾಗಿದೆ ಎನ್ನುವುದು ಅವರಿಗೆ ನಮ್ಮ ತಂತಿ ನೋಡಿಯೇ ಗೊತ್ತಾಗುತ್ತಿತ್ತು. ಬೆಳಿಗ್ಗೆ ಒಬ್ಬಳ ತಂತಿ ಎರಡು ಸಲ ಹರಿಯಿತೆಂದರೆ ಅವಳ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದರು.

“ಅಕ್ಕಾರ, ಎದ್ದು ಒಂದು ಚಾ ಕುಡದ ಬರ್ರಿ. ಮನ್ಯಾಗಿನ ಸಿಟ್ಟು ಈ ತಂತಿಗೆ ತಡಿಯೂದುಲ್ಲ.”

ಬೈದದ್ದು ನಾನು ಕಂಡಿಲ್ಲ. ಮುಂದೆ ನನಗೆ ಸಿಕ್ಕ ಮೇಲಧಿಕಾರಿಗಳನ್ನೆಲ್ಲ ನಾನು ಅಳೆದದ್ದು ಆ ಒಂದು ಚಹಾದಿಂದ. ಕಾರ್ಖಾನೆ ಒಂದು ದಿನ ಮುಚ್ಚಿತು. ಮಿಷನ್‌ಗಳು ಗುಜರಾತಿಗೆ ಹೋದವು, ಸಾಹೇಬರು ಊರಿಗೆ ಹೋದರು, ಹೆಂಗಸರು ಅಡುಗೆಮನೆಗೆ ಹೋದರು. ಈಗ ಅಲ್ಲಿ ಗಾಜಿನ ಆಫೀಸು ಎದ್ದಿದೆ. ಬಸ್ಸಿನಲ್ಲಿ ಹೋಗುವಾಗ ಅದರ ಕಡೆ ನೋಡುತ್ತೇನೆ, ವಿಶೇಷವೇನೂ ಅನ್ನಿಸುವುದಿಲ್ಲ. ಹಿರೇಮಠರ ನೆನಪು ಮಾತ್ರ ಬರುತ್ತದೆ.

ಠಾಣೆಯ ವಾದ್ಯದಂಗಡಿಗೆ ನಾನು ಸೇರಿದ್ದು ಈ ಕಾಯಿಲ್ ಸುತ್ತುವ ಕೈಯಿಂದಲೇ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಪಟ್ಟಿ ಇರುತ್ತದೆ. ಅದು ಗಿಟಾರಿನ ಕಿವಿ. ಅಯಸ್ಕಾಂತದ ಸುತ್ತ ತಾಮ್ರದ ತಂತಿ ಸುತ್ತಿ ಮಾಡಿದ್ದು. ಮೇಲೆ ತಂತಿ ಅದುರಿದರೆ ಇದರಲ್ಲಿ ಸಣ್ಣ ಕರೆಂಟು ಹುಟ್ಟಿ, ಆಂಪ್ಲಿಫೈಯರಿಗೆ ಹೋಗಿ ಸದ್ದಾಗುತ್ತದೆ. ಅಂಗಡಿಯ ಮಾಲೀಕರು ಮರಾಠಿಯವರು, ನಮಗೆಲ್ಲ ಬರೀ ‘ಕಾಕಾ’. ಸುಟ್ಟುಹೋದ ಒಂದು ಪಿಕಪ್ಪನ್ನು ಕೈಗೆ ಕೊಟ್ಟು, ಮತ್ತೆ ಸುತ್ತಲು ಬರುತ್ತದೆಯೇ ಎಂದು ಕೇಳಿದರು. ಅದೇ ನನ್ನ ಸಂದರ್ಶನ.

ನಾನು ಜಂಬದಿಂದ ಸುತ್ತಿದೆ. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಬಾರದು, ಸಾಲು ತಪ್ಪಬಾರದು, ಎಲ್ಲ ಹಿರೇಮಠರ ಪಾಠದಂತೆ. ನೋಡಲು ರೇಷ್ಮೆ ಉಂಡೆಯ ಹಾಗಿತ್ತು. ಗಿಟಾರಿಗೆ ಹಾಕಿ ಮೀಟಿದರೆ ಬಾಯಿಗೆ ಕರವಸ್ತ್ರ ಹಿಡಿದು ಮಾತಾಡಿದಂಥ ದನಿ. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ತಾಈ, ಹಾ ಟ್ರಾನ್ಸ್‌ಫಾರ್ಮರ್ ನಾಹೀ. ಹ್ಯಾಲಾ ಗಾಯ್‌ಚಂಯ್!” ಎಂದರು. ಇದು ಹಾಡಬೇಕಾದ ವಸ್ತು, ಇಷ್ಟು ಶಿಸ್ತು ಬೇಡ ಎಂದು ಅರ್ಥ. ತಂತಿಯನ್ನು ಒತ್ತೊತ್ತಾಗಿ ಸಾಲು ಹಿಡಿದು ಸುತ್ತಿದಷ್ಟೂ ಚೂಪು ಸ್ವರಗಳು ಒಳಗೇ ಉಳಿದುಬಿಡುತ್ತವೆ. ಕೈಯನ್ನು ಸ್ವಲ್ಪ ಅಲುಗಾಡಿಸುತ್ತ, ಸುತ್ತುಗಳ ನಡುವೆ ಗಾಳಿ ಆಡುವಂತೆ ಬಿಡಬೇಕು. ಅಚ್ಚುಕಟ್ಟು ಕಲಿಯಲು ನನಗೆ ವರ್ಷಗಳು ಹಿಡಿದಿದ್ದವು. ಅದನ್ನು ಬೇಕೆಂದೇ ಕೆಡಿಸುವುದನ್ನು ಕಲಿಯಲು ಅದಕ್ಕಿಂತ ಹೆಚ್ಚು ಕಷ್ಟವಾಯಿತು. ಎಷ್ಟೋ ದಿನ ಬೆರಳುಗಳು ಮಾತು ಕೇಳುತ್ತಿರಲಿಲ್ಲ, ಸಾಲು ಕಂಡಲ್ಲಿ ಹೋಗಿ ಸೇರಿಕೊಳ್ಳುತ್ತಿದ್ದವು.

ಆ ಕಾಲದಲ್ಲಿ ಗಿರಾಕಿಗಳು ಗಿಟಾರನ್ನು ಚೀಲದ ಸಮೇತ ಮೇಜಿನ ಮೇಲಿಟ್ಟು, ನಮಸ್ಕಾರ ಹಾಕಿ ಹೋಗುತ್ತಿದ್ದರು. ಈಗ ಫೋನಿನಲ್ಲಿ ವಿಡಿಯೋ ನೋಡಿ, ಮನೆಯಲ್ಲೇ ಬಿಚ್ಚಿ, ಅರ್ಧಕ್ಕೆ ಸಿಕ್ಕಿಹಾಕಿಕೊಂಡು ಬರುತ್ತಾರೆ. ಇದರಲ್ಲಿ ನನಗೆ ದೂರೇನೂ ಇಲ್ಲ. ಬಿಚ್ಚಿದವರಿಗೆ ಒಳಗೇನಿದೆ ಎಂಬ ಕುತೂಹಲವಾದರೂ ಇರುತ್ತದೆ. ಹಳೆಯ ಪಿಕಪ್ ತೆಗೆದು ಹೊಸದು ಹಾಕಿದ ಮೇಲೆ ದನಿ ಮಂಕಾಯಿತು ಎನ್ನುವವರೇ ಹೆಚ್ಚು. ಕಾರಣ ಸಾಮಾನ್ಯವಾಗಿ ವಾಲ್ಯೂಮ್ ಗುಂಡಿಯ ಕೆಳಗಿರುತ್ತದೆ. ಅಲ್ಲಿನ ಬಿಡಿಭಾಗಕ್ಕೆ ಪಾಟ್ ಎನ್ನುತ್ತೇವೆ. ಅದೊಂದು ನಲ್ಲಿ ಇದ್ದ ಹಾಗೆ. ಎಷ್ಟೇ ಸರಿ ಇದ್ದರೂ ಒಂದಿಷ್ಟು ಸೋರುತ್ತದೆ, ಸೋರುವಾಗ ಮೊದಲು ಹೋಗುವುದು ಚೂಪು ಸ್ವರ. ಒಂಟಿ ಕಾಯಿಲಿನ ಹಳೆಯ ಪಿಕಪ್ಪಿಗೆ ಆ ಸೋರಿಕೆ ಹಿತವಾಗಿರುತ್ತದೆ. ಜೋಡಿ ಕಾಯಿಲಿನ ಹೊಸ ಪಿಕಪ್ಪಿಗೆ ಅದು ಅತಿಯಾಗುತ್ತದೆ. ಕಿವಿ ಹೊಸದು ಹಾಕಿದವರು ನಲ್ಲಿ ಹಳೆಯದನ್ನೇ ಬಿಟ್ಟಿರುತ್ತಾರೆ, ಅಷ್ಟೇ. ಇನ್ನು ಕೆಲವರು ಟೋನ್ ಗುಂಡಿಯನ್ನು ತಾವೇ ಸೊನ್ನೆಗೆ ತಿರುಗಿಸಿಟ್ಟುಕೊಂಡು ಠಾಣೆಯ ತನಕ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬಂದಿರುತ್ತಾರೆ. ಅಂಥವರ ಎದುರು ನಗಬೇಡಿ. ಸುಮ್ಮನೆ ಒಂದು ಸಲ ಒಳಗೆ ಹೋಗಿ ಬಂದು ‘ಆಯಿತು’ ಎನ್ನಿ.

ಪ್ರಣೀತಾ ಬಂದದ್ದು ನಾನು ಕೆಲಸ ಬಿಡುವುದಕ್ಕೆ ಹಿಂದಿನ ವರ್ಷ, ನವರಾತ್ರಿಯ ದಿನಗಳಲ್ಲಿ. ಅವಳಪ್ಪನದು ಡೊಂಬಿವಲಿಯಲ್ಲಿ ಸಸ್ಯಾಹಾರಿ ಹೋಟೆಲು, ಉಡುಪಿಯ ಕಡೆಯವರು. ಇವಳು ನವೀ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಳು. ಡ್ಯೂಟಿ ಮುಗಿಸಿ ಕಲ್ಯಾಣಕ್ಕೆ ಹೋಗಿ ಗೆಳೆಯರ ಬ್ಯಾಂಡಿನಲ್ಲಿ ನುಡಿಸುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುವಳು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳೆಲ್ಲ ಹಾಗೆಯೇ. ಸಿಟ್ಟು ಬಂದರೆ ಮಾತ್ರ ಅವಳಿಗೆ ಕನ್ನಡ ನೆನಪಾಗುತ್ತಿತ್ತು.

“ಆಂಟಿ, ನಯಾ ಪಿಕಪ್ ಡಾಲಾ, ಖುದ್ ಡಾಲಾ. ಲೇಕಿನ್ ಸೌಂಡ್ ಏಕ್‌ದಮ್ ಡಾರ್ಕ್.”

“ಪಿಕಪ್ ನೀನೇ ಹಾಕಿದೆ, ಸರಿ. ಪಾಟ್ ಬದಲು ಮಾಡಿದ್ದೀಯಾ?”

“ವೋ ಭೀ ಕರನಾ ಥಾ ಕ್ಯಾ?”

ಅದನ್ನೂ ಮಾಡಬೇಕಿತ್ತು ಎಂದೆ. ಸರಿಯಾದ ಪಾಟ್‌ಗಳನ್ನು ಕೊಟ್ಟೆ. ಹಾಕಿಕೊಡಲೇ ಎಂದರೆ ಬೇಡ, ತಾನೇ ಹಾಕುತ್ತೇನೆ ಎಂದಳು. ಎರಡು ದಿನ ಬಿಟ್ಟು ಫೋನಿಗೆ ನುಡಿಸಿದ ತುಣುಕು ಕಳಿಸಿದಳು. ಗಾಜಿನ ಲೋಟಕ್ಕೆ ಚಮಚ ತಾಗಿದಂಥ ದನಿ. ನನ್ನ ಮಟ್ಟಿಗೆ ಆ ವಿಷಯ ಅಲ್ಲಿಗೆ ಮುಗಿಯಿತು.

ದಸರೆ ಕಳೆದ ಮೇಲೆ ಮತ್ತೆ ಬಂದಳು. ಗಿಟಾರು ಪುನಃ ಮಂಕಾಗಿದೆ ಎಂದಳು. ಸರದಿ ಬರುವ ತನಕ ಅಂಗಡಿಯ ಎ.ಸಿ. ಕೋಣೆಯಲ್ಲಿಟ್ಟು, ಆಮೇಲೆ ಹಚ್ಚಿ ನೋಡಿದೆ. ಚೆನ್ನಾಗಿಯೇ ಇತ್ತು. ಮೀಟರಿಟ್ಟೆ, ಅದೂ ಸರಿ. ಕಾಕಾ ಅವರದು ಒಂದು ನಿಯಮವಿತ್ತು: ಕಾಯಿಲೆ ಕಣ್ಣಿಗೆ ಬೀಳುವ ಮೊದಲು ಹೊಟ್ಟೆ ಕೊಯ್ಯಬಾರದು. ಸರಿ ಇರುವುದನ್ನು ಬಿಚ್ಚಿದರೆ ಮುಂದೆ ಬರುವ ಎಲ್ಲ ತೊಂದರೆಯೂ ನಮ್ಮ ತಲೆಗೆ ಬರುತ್ತದೆ ಎಂಬುದು ಅವರ ಅನುಭವ. ನಿನ್ನ ಕೇಬಲ್ ನೋಡು, ಆಂಪ್ಲಿಫೈಯರ್ ನೋಡು ಎಂದು ಹೇಳಿ ಕಳಿಸಿದೆ. ಕೇಬಲ್ ಬದಲಿಸಿದಳಂತೆ. ಉಪಯೋಗವಾಗಲಿಲ್ಲ.

ಮೂರನೆಯ ಸಲ ಬಂದಾಗ ಗಿಟಾರನ್ನು ಚೀಲದಿಂದ ತೆಗೆಯಲೇ ಇಲ್ಲ. ಸ್ಟೂಲಿನ ಮೇಲೆ ಕೂತು ಕನ್ನಡದಲ್ಲಿ ಹೇಳಿದಳು.

“ಆಂಟಿ, ನಾನು ಸುಳ್ಳು ಹೇಳ್ತಾ ಇಲ್ಲ.”

ಕನ್ನಡ ಬಂತೆಂದರೆ ವಿಷಯ ಗಂಭೀರ. ಕೈಲಿದ್ದ ಕೆಲಸ ಬದಿಗಿಟ್ಟು ಬಾಲ ಬರುವ ತನಕ ಕೂತೆ. ಬಂತು. ಕಲ್ಯಾಣದಲ್ಲಿ ಅವರು ಅಭ್ಯಾಸ ಮಾಡುವ ಕೋಣೆಯಲ್ಲಿ ಎ.ಸಿ. ಇದೆ. ಅಲ್ಲಿ ಮೊದಮೊದಲು ದನಿ ಮಂಕಾಗಿರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಬಾಯಿ ಬಿಡುತ್ತದೆ. ಜೊತೆಯವರು ‘ನೀನೇ ಗುಂಡಿ ತಿರುಗಿಸುತ್ತೀ’ ಎನ್ನುತ್ತಾರೆ. ಹೋದ ವಾರ ಬಯಲಿನಲ್ಲಿ ನುಡಿಸಿದಾಗ ಕೊನೆಯ ತನಕ ಬಾಯಿ ಬಿಡಲೇ ಇಲ್ಲ. ಬರುವ ಭಾನುವಾರ ಕಲ್ಯಾಣದಲ್ಲೇ ದೊಡ್ಡ ಕಾರ್ಯಕ್ರಮ. ಬ್ಯಾಂಡಿನವರು ಇನ್ನೊಬ್ಬ ಗಿಟಾರಿನವನಿಗೆ ತಯಾರಿರು ಎಂದು ಹೇಳಿಬಿಟ್ಟಿದ್ದಾರೆ.

“ವೈರಿಂಗ್ ನಂದು, ತಪ್ಪೂ ನಂದೇ ಅಂತಾರೆ. ಮನೆಯಲ್ಲಂತೂ ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಅಪ್ಪ ಇದಕ್ಕೆ ‘ಆ ಪೆಟ್ಟಿಗೆ’ ಅಂತಾರೆ. ಒಂದು ದಿನ ನುಡಿಸು ಅಂತ ಹೇಳಿಲ್ಲ. ಈ ಭಾನುವಾರ ನನ್ನನ್ನು ಹೊರಗೆ ಕೂರಿಸಿದ್ರೆ ನಾನೂ ಬಿಟ್ಟುಬಿಡ್ತೇನೆ. ಮಾರಿ ಬಿಡ್ತೇನೆ ಇದನ್ನು.”

ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ನೀರು ಕೊಟ್ಟು ಸಮಾಧಾನ ಹೇಳಬಹುದಿತ್ತು. ಹಾಗೆ ಒಣಗಿದ ಮುಖದಲ್ಲಿ ಕೂತವರನ್ನು ಕಂಡರೆ ನನಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಅದಕ್ಕೇ ಕೆಲಸದ ಪ್ರಶ್ನೆಯನ್ನೇ ಕೇಳಿದೆ.

“ಇದು ದಿನಾ ಎಲ್ಲಿ ಮಲಗುತ್ತದೆ?”

“ಮೇರೇ ರೂಮ್ ಮೇ. ಹೋಟೆಲ್ ಕಿಚನ್ ಕೇ ಊಪರ್.”

ಮತ್ತೆ ಹಿಂದಿಗೆ ಹೋದಳು, ಸ್ವಲ್ಪ ಜೀವ ಬಂದಿರಬೇಕು. ಠಾಣೆಗೆ ಬಂದರೆ ಗುಣವಾಗುವ ಕಾಯಿಲೆಯನ್ನು ಠಾಣೆಯಲ್ಲಿ ಕೂತು ಹುಡುಕಿ ಫಲವಿಲ್ಲ. ಅಂಗಡಿಯ ರಜೆಯ ದಿನ ನಾನೇ ಬರುತ್ತೇನೆ, ಅಲ್ಲಿಯ ತನಕ ಅದನ್ನು ಅದರ ಜಾಗದಲ್ಲೇ ಬಿಡು ಎಂದೆ. ಹೇಗೂ ನನ್ನ ಮನೆಯೂ ಡೊಂಬಿವಲಿಯೇ.

ಹೋಟೆಲಿಗೆ ಹೋದಾಗ ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿಗೆ ತಯಾರಿ ನಡೆದಿತ್ತು. ದುಡ್ಡಿನ ಗಲ್ಲೆಯಲ್ಲಿ ಪ್ರಣೀತಾಳ ತಂದೆ ಮಾಧವ ರಾಯರು. ದಪ್ಪ ಕನ್ನಡಕ, ಅರ್ಧ ತೋಳಿನ ಬಿಳಿ ಅಂಗಿ, ಮಾತು ಕಡಿಮೆ. ಮಗಳು ‘ಗಿಟಾರ್‌ವಾಲೀ ಆಂಟಿ’ ಎಂದು ಪರಿಚಯಿಸಿದಳು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ನಾನು ತುಳುವಿನಲ್ಲಿ ಎರಡು ಮಾತಾಡಿದ್ದೇ ತಡ, ನಿಮ್ಮದು ಊರಲ್ಲಿ ಎಲ್ಲಿ, ತಾಯಿಮನೆ ಯಾವುದು ಎಂದು ವಿಚಾರಣೆ ಶುರುವಾಯಿತು. ಅವರ ಚಿಕ್ಕಮ್ಮನ ಮನೆಗೂ ನನ್ನ ತವರಿಗೂ ನಡುವೆ ಒಂದೇ ಗದ್ದೆ ಎಂದು ತಿಳಿದ ಮೇಲೆ ಕಾಫಿ ಕುಡಿಯದೆ ಮೇಲೆ ಹತ್ತಲು ಬಿಡಲಿಲ್ಲ.

ಮೆಟ್ಟಿಲಿಗೆ ಅಡುಗೆಮನೆಯ ಮೂಲಕವೇ ಹೋಗಬೇಕು. ಅಲ್ಲಿ ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರನ್ನು ಮೆಕ್ಯಾನಿಕ್ ಒಬ್ಬ ಬಿಚ್ಚಿ ಹರಡಿಕೊಂಡಿದ್ದ. ಅದರ ಹೊರಮೈ ಸ್ಟೀಲಿನದು, ಫಳಫಳ. ಒಳಗಿನ ಮೋಟರಿನ ಮೇಲೆ ಮಾತ್ರ ಗಂಧ, ಕುಂಕುಮದ ಬೊಟ್ಟು. ಆಯುಧಪೂಜೆಯದು ಇರಬೇಕು ಎಂದುಕೊಂಡೆ.

“ಬೊಟ್ಟು ಒಳಗೆ ಹಚ್ಚಿದ್ದೀರಲ್ಲ ರಾಯರೇ?” ಎಂದು ಕೇಳಿದೆ.

“ಮತ್ತೆ? ಡಬ್ಬಿಗೆ ಹಚ್ಚಿ ಎಂತ ಪ್ರಯೋಜನ? ಕೆಲಸ ಮಾಡುದು ಮೋಟರಲ್ವಾ,” ಎಂದರು. “ನಮ್ಮ ಅಪ್ಪಯ್ಯ ಹಾಗೇ ಮಾಡ್ತಿದ್ರು. ತಕ್ಕಡಿ ಆದ್ರೆ ಮುಳ್ಳಿಗೆ, ಸ್ಟವ್ ಆದ್ರೆ ಬರ್ನರಿಗೆ. ಕೆಲಸ ಮಾಡುವ ಜಾಗಕ್ಕೆ ಹಚ್ಚಬೇಕು.”

ಒಳ್ಳೆಯ ಪದ್ಧತಿ ಎಂದು ಹೇಳಿ ಮೇಲೆ ಹತ್ತಿದೆ. ಆಗ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಪ್ರಣೀತಾಳ ಕೋಣೆಯ ಕಿಟಕಿ ತೆರೆದರೆ ಕೆಳಗಿನ ಇಡ್ಲಿ ಹಬೆ ನೇರ ಒಳಗೆ. ಗೋಡೆ ಮುಟ್ಟಿದರೆ ಅಂಗೈ ತೇವ. ಹಾಸಿಗೆಗೂ ಸಾಂಬಾರಿನ ವಾಸನೆ. ಗಿಟಾರನ್ನು ಅವಳ ಸಣ್ಣ ಆಂಪ್ಲಿಫೈಯರಿಗೆ ಹಚ್ಚಿ ಮೀಟಿದೆ. ಮಂಕು! ರೋಗಿಗೆ ಜ್ವರ ಬಂದದ್ದನ್ನು ಕಂಡು ಸಂತೋಷ ಪಡುವ ವೈದ್ಯರಿದ್ದರೆ ಅವರಿಗೆ ನಾನು ಅಕ್ಕ. ಅಷ್ಟು ನಾಚಿಕೆಗೆಟ್ಟ ಖುಷಿ ನನಗೆ ಆಯಿತು. ತಂತಿಗಳನ್ನು ಸಡಿಲಿಸಿ ತೆಗೆದು, ಸ್ಕ್ರೂ ಬಿಚ್ಚಿದೆ. ಈ ಬಗೆಯ ಗಿಟಾರಿನಲ್ಲಿ ಎದೆಯ ಮೇಲೊಂದು ಬಿಳಿ ಪ್ಲಾಸ್ಟಿಕ್ ಹಲಗೆ ಇರುತ್ತದೆ. ಪಿಕಪ್, ಪಾಟ್, ಸ್ವಿಚ್ಚು ಎಲ್ಲವೂ ಅದರ ಬೆನ್ನಿಗೆ ಕಚ್ಚಿಕೊಂಡಿರುತ್ತವೆ. ಹಲಗೆಯನ್ನು ಎತ್ತಿ ಮಗುಚಿದೆ.

ಒಳಗೆಲ್ಲ ಕೆಂಪು.

ಒಂದೊಂದು ಪಿಕಪ್ಪಿನ ಬೆನ್ನಿಗೆ ಒಂದೊಂದು ಬೊಟ್ಟು. ಒಂದೊಂದು ಪಾಟಿನ ಮೇಲೂ ಒಂದೊಂದು. ಸ್ವಿಚ್ಚಿಗೆ ಸ್ವಲ್ಪ ದೊಡ್ಡದೇ. ಕೆಳಗೆ ತೇದ ಗಂಧ, ಅದರ ಮೇಲೆ ಕುಂಕುಮ, ಯಾವುದನ್ನೂ ಬಿಡದೆ, ಯಾವುದಕ್ಕೂ ಎರಡು ಸಲ ಹಚ್ಚದೆ. ತಗಡಿನ ಮೇಲೆ ಬಿದ್ದದ್ದರಿಂದ ತೊಂದರೆಯಿಲ್ಲ. ಆದರೆ ಸ್ವಿಚ್ಚಿನ ಮೇಲಿನ ನೀರು ನೀರಾದ ಗಂಧ ಇಳಿದು, ಲೋಹದ ಕಾಲುಗಳ ನಡುವೆ ಹಬ್ಬಿ, ಕಂದು ಬಣ್ಣದ ರಟ್ಟಿನಂಥ ತಳಕ್ಕೆ ಇಂಗಿಹೋಗಿತ್ತು. ಕುಂಕುಮವೆಂದರೆ ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡುವುದು. ಒಣಗಿದ್ದರೆ ಅದು ಪಾಪದ್ದು, ಯಾರಿಗೂ ತೊಂದರೆ ಕೊಡದು. ತೇವ ಕುಡಿಯಿತೆಂದರೆ ಸುಣ್ಣದ ನೀರಿನಲ್ಲಿ ಕರೆಂಟು ಹರಿಯುತ್ತದೆ, ಗಿಟಾರಿಗೆ ಇನ್ನೊಂದು ಸೋರುವ ನಲ್ಲಿ ಕೂರಿಸಿದಂತಾಗುತ್ತದೆ. ಇಲ್ಲಿ ಇಡ್ಲಿಯ ಹಬೆ. ಠಾಣೆಯಲ್ಲಿ ತೇವ ಹೀರುವ ಎ.ಸಿ. ಒಗಟೆಲ್ಲ ಅಷ್ಟೇ.

ಖಾತ್ರಿ ಮಾಡಿಕೊಳ್ಳಲು ಹೇರ್ ಡ್ರೈಯರ್ ಕೇಳಿದೆ. ಮೀಟರಿನ ಕಡ್ಡಿಗಳನ್ನು ಸ್ವಿಚ್ಚಿಗೆ ಹಿಡಿದು ಬಿಸಿಗಾಳಿ ಬಿಟ್ಟೆ. ತೇವ ಆರುತ್ತ ಹೋದಂತೆ ಮೀಟರಿನ ಅಂಕಿ ಮೇಲೇರುತ್ತ ಹೋಯಿತು, ಸೋರಿಕೆ ನಿಲ್ಲುತ್ತ ಬಂತು. ಪ್ರಣೀತಾ ಅಂಕಿಯನ್ನು ನೋಡಲಿಲ್ಲ. ಕೆಂಪನ್ನೇ ನೋಡುತ್ತಿದ್ದಳು. ದಿನವಿಡೀ ಊರವರ ಒಳಗನ್ನು ಎಕ್ಸ್‌ರೇಯಲ್ಲಿ ನೋಡುವ ಹುಡುಗಿ ತನ್ನ ಗಿಟಾರಿನ ಒಳಗನ್ನು ಮತ್ತೊಮ್ಮೆ ತೆರೆದು ನೋಡಿರಲಿಲ್ಲ. ಪಾಟ್ ಹಾಕಿ ದನಿ ಪರೀಕ್ಷೆ ಮಾಡಿ, ತುಕ್ಕು ಹಿಡಿದ ಸ್ಕ್ರೂಗಳ ಬದಲು ಹೊಸದು ಹಾಕಬೇಕೆಂದು ತಂತಿ ಬಿಚ್ಚಿ, ಹಲಗೆಯನ್ನು ಸುಮ್ಮನೆ ಮೇಲಿಟ್ಟು ಡ್ಯೂಟಿಗೆ ಹೋಗಿದ್ದಳಂತೆ. ಮಾರನೆಯ ದಿನ ಬಂದು ಹಾಗೆಯೇ ಸ್ಕ್ರೂ ಬಿಗಿದಿದ್ದಳು. ನಡುವಿನ ಆ ದಿನ ಮಹಾನವಮಿ.

ಎದ್ದು ಮೆಟ್ಟಿಲ ತಲೆಗೆ ಹೋಗಿ ಕೂಗಿದಳು.

“ಅಪ್ಪಾ!”

ಆ ದನಿಯಲ್ಲಿ ಇದ್ದದ್ದು ಸಿಟ್ಟೇ. ತಪ್ಪು ಹುಡುಕಿ ತೋರಿಸುವುದು ನನ್ನ ಕೆಲಸ, ಅದರಿಂದ ಒಂದು ಮನೆಯಲ್ಲಿ ಏನಾಗುತ್ತದೆ ಎನ್ನುವುದನ್ನು ಯಾವ ಮೀಟರೂ ಹೇಳುವುದಿಲ್ಲ. ರಾಯರು ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ಮಗುಚಿದ ಹಲಗೆಯನ್ನು ನೋಡಿದರು.

“ಇದು ನೀವಾ?”

“ಹೌದು. ಎಂತಾಯ್ತು?”

“ಯಾಕೆ?”

“ಯಾಕೆ ಅಂದ್ರೆ? ಆಯುಧಪೂಜೆ ಅಲ್ವಾ. ಹೊಸ ಸಾಮಾನು ಹಾಕಿದ್ದಿ ಅಂತ ನಿನ್ನ ಅಮ್ಮ ಹೇಳಿದ್ಳು. ಮುಚ್ಚಳಕ್ಕೆ ಸ್ಕ್ರೂ ಇರ್ಲಿಲ್ಲ. ಹಚ್ಚಿದೆ. ಹೂವೂ ಇಟ್ಟಿದ್ದೆ, ನೀನು ಬಯ್ತಿ ಅಂತ ಸಂಜೆಗೆ ತೆಗ್ದೆ.”

“ನಿಮಗೆ ಇದು ಆಗೋದೇ ಇಲ್ಲವಲ್ಲ. ಆ ಪೆಟ್ಟಿಗೆ, ಆ ಪೆಟ್ಟಿಗೆ ಅಂತೀರಿ. ಮತ್ತೆ ಪೂಜೆ ಯಾಕೆ ಮಾಡಿದ್ದು?”

ರಾಯರಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು, ನಾನು ಅವರ ಪಕ್ಷ ವಹಿಸುತ್ತೇನೋ ಎಂದು.

“ಕೆಲಸದ ಸಾಮಾನು ಮಗಾ. ಅದಕ್ಕೆ ಹಚ್ಚದೆ ಬಿಡುದು ಉಂಟಾ?”

“ನನ್ನ ಕೆಲಸ ಆಸ್ಪತ್ರೆಯದ್ದು.”

“ಆಸ್ಪತ್ರೆ ಮಿಷನಿಗೆ ಆಸ್ಪತ್ರೆಯವರು ಹಚ್ಕೊಳ್ತಾರೆ,” ಎಂದರು ರಾಯರು. “ನಿನ್ನದು ಇದಲ್ವಾ?”

ಪ್ರಣೀತಾ ಹಾಸಿಗೆಯ ತುದಿಯಲ್ಲಿ ಕೂತಳು. ಈಗ ಅತ್ತಳು. ನಾನು ಹೇರ್ ಡ್ರೈಯರಿನ ವೈರನ್ನು ಸುತ್ತತೊಡಗಿದೆ, ಸಾಲಿಗೆ ಸಾಲು ತಾಗಿಸಿ, ವಾಗ್ಳೆ ಎಸ್ಟೇಟಿನಲ್ಲಿ ಸುತ್ತುತ್ತಿದ್ದ ಹಾಗೆ. ನನ್ನ ಕಣ್ಣೂ ಒದ್ದೆಯಾಗಿತ್ತು ಎಂದು ಹೇಳಲು ಈಗ ಸಂಕೋಚವಿಲ್ಲ.

ಸ್ವಲ್ಪ ಹೊತ್ತಿಗೆ ರಾಯರಿಗೆ ವಿಷಯ ಹೊಳೆಯಿತು.

“ಜಲಜಕ್ಕ, ಇದು ಹಾಳಾದದ್ದು ನನ್ನಿಂದಲಾ?”

ಇಂಥ ಹೊತ್ತಿನಲ್ಲಿ ಸುಳ್ಳು ಹೇಳಬೇಕು ಎನ್ನುವವರಿದ್ದಾರೆ. ನನಗೆ ಅಭ್ಯಾಸವಿಲ್ಲ.

“ನಿಮ್ಮಿಂದಲೇ ರಾಯರೇ. ಭಕ್ತಿ ಸ್ವಲ್ಪ ನೀರಾಯ್ತು. ಗಂಧ ಗಟ್ಟಿ ತೇಯಬೇಕಿತ್ತು.”

ಅವರು ನಗಲಿಲ್ಲ, ಮಗಳು ಅಳುತ್ತಲೇ ನಕ್ಕಳು. ನಾನು ಚೀಲದಿಂದ ಸ್ಪಿರಿಟ್ ತೆಗೆದೆ. ಪಾಟ್‌ಗಳ ಕಾಲುಗಳನ್ನು, ಬೆಸುಗೆ ಇರುವ ಜಾಗಗಳನ್ನು ಬ್ರಶ್ಶಿನಿಂದ ತೊಳೆದೆ. ಸ್ವಿಚ್ಚಿನ ತಳ ಒಳಗಿನ ತನಕ ಕುಡಿದುಬಿಟ್ಟಿತ್ತು, ಅದು ತೊಳೆದರೆ ಹೋಗುವಂಥದಲ್ಲ. ಅದನ್ನು ತೆಗೆದು ಬೇರೆ ಸ್ವಿಚ್ಚು ಹಾಕಿದೆ. ಪಿಕಪ್ಪುಗಳ ಬೆನ್ನಿಗೆ ಬ್ರಶ್ಶು ಹೋದಾಗ ಪ್ರಣೀತಾ ಕೈ ಅಡ್ಡ ಹಿಡಿದಳು.

“ಆಂಟಿ, ಪೂರಾ ಮತ್ ನಿಕಾಲೋ.”

ತಗಡಿನ ಮೇಲಿದ್ದವುಗಳನ್ನು ಹಾಗೆಯೇ ಬಿಟ್ಟೆ. ತೆಗೆದ ಹಳೆಯ ಸ್ವಿಚ್ಚನ್ನೂ ಅವಳೇ ಇಟ್ಟುಕೊಂಡಳು. ಹೊಸಬರಿಗೆ ಇಲ್ಲೊಂದು ಮಾತು: ಒಳಗೆ ಕಂಡದ್ದನ್ನೆಲ್ಲ ಕೊಳೆ ಎಂದುಕೊಂಡು ಒರೆಸಬೇಡಿ. ಕೆಡುಕು ಮಾಡದಿದ್ದರೆ ಇರಲಿ ಬಿಡಿ.

ತಂತಿ ಹಾಕಿ, ಶ್ರುತಿ ಮಾಡಿ, ಅವಳೇ ನುಡಿಸಿದಳು. ಕೆಳಗೆ ಇಡ್ಲಿ ಪಾತ್ರೆ ಬುಸುಗುಡುತ್ತಿತ್ತು, ಹಬೆ ಎಂದಿನಂತೆ ಒಳಗೆ ಬರುತ್ತಿತ್ತು. ದನಿ ಮಾತ್ರ ಫಳಫಳ. ರಾಯರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದರು. ಕೊನೆಗೆ ಸ್ವಲ್ಪ ಮುಖ ಸಿಂಡರಿಸಿದರು.

“ಹೋದ ವಾರದ್ದೇ ಒಳ್ಳೇದಿತ್ತು ಮಾರಾಯ್ರೆ. ಕಿವಿಗೆ ಮೆತ್ತಗೆ. ಆ ಬೆಳಿಗ್ಗೆ ನುಡಿಸಿದ್ಯಲ್ಲ, ನಿಧಾನದ್ದು, ಅದು.”

ಪ್ರಣೀತಾ ತಲೆಯೆತ್ತಿದಳು. ನುಡಿಸು ಎಂದು ಒಂದು ದಿನವೂ ಹೇಳದ ಮನುಷ್ಯ ಕೆಳಗೆ ಗಲ್ಲೆಯಲ್ಲಿ ಕೂತು ಚಿಲ್ಲರೆ ಕೊಡುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ನನಗೆ ಅಲ್ಲಿ ಇನ್ನೇನೂ ಕೆಲಸವಿರಲಿಲ್ಲ. ಇಳಿದು ಬಂದೆ. ಕಾಫಿ ಮತ್ತೊಮ್ಮೆ ಕುಡಿಯಬೇಕಾಯಿತು.

ಭಾನುವಾರ ಅವಳೇ ನುಡಿಸಿದಳು. ನಾನು ಹೋಗಲಿಲ್ಲ, ಅಷ್ಟು ಗದ್ದಲ ನನಗೆ ಒಗ್ಗುವುದಿಲ್ಲ. ಮರುದಿನ ಕಾಕಾ ಅವರಿಗೆ ಕಥೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಇನ್ನು ಮೇಲೆ ದಸರೆಯಲ್ಲಿ ಅಂಗಡಿಯ ಸಾಮಾನಿಗೆ ಹೊರಗಿನಿಂದಲೇ ಹೂವು ಹಾಕೋಣ ಎಂದರು. ಕೆಲವು ತಿಂಗಳ ಮೇಲೆ ನನ್ನ ಕೆಲಸವೂ ಮುಗಿಯಿತು. ಶಾಲು ಹೊದಿಸಿದರು, ಭಾಷಣ ಮಾಡಿದರು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಮುಂದಿನ ಮಹಾನವಮಿಯಂದು ಮನೆಯಲ್ಲಿ ಪಾಯಸ ಕಲಕುತ್ತಿದ್ದಾಗ ಫೋನ್ ಬಂತು. ವಿಡಿಯೋ ಕಾಲ್. ತೆರೆಯ ತುಂಬ ಮಾಧವ ರಾಯರ ಕನ್ನಡಕ, ಆಮೇಲೆ ಬಿಚ್ಚಿ ಮಗುಚಿಟ್ಟ ಗಿಟಾರಿನ ಹಲಗೆ. ಹಳೆಯ ಬೊಟ್ಟುಗಳು ಮಾಸಿದ್ದವು.

“ಜಲಜಕ್ಕ, ಈ ಸಲ ಎಲ್ಲಿ ಹಚ್ಚುದು? ಗಂಧ ಗಟ್ಟಿ ತೇದಿದ್ದೇನೆ.”

“ಒಳಗಿನ ಮರಕ್ಕೆ ಹಚ್ಚಿ ರಾಯರೇ. ಅಲ್ಲಿ ಕರೆಂಟು ಇಲ್ಲ, ತೊಂದರೆ ಆಗುವುದಿಲ್ಲ.”

ಅವರ ಬೆರಳು ತೆರೆಯ ಮೇಲೆ ಅತ್ತಿತ್ತ ಸುಳಿದಾಡಿ ನಿಂತಿತು. ಒಪ್ಪಿಗೆಯಾಗಿರಲಿಲ್ಲ.

“ಮರ ಸುಮ್ಮನೆ ಇರ್ತದೆ. ಕೆಲಸ ಮಾಡುದಿಲ್ಲವಲ್ಲ.”

ಅಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂತು. ಪ್ರಣೀತಾಳ ಎಡಗೈ, ಅಂಗೈ ಮೇಲೆ ಮಾಡಿ ಹಿಡಿದದ್ದು. ತಂತಿ ಒತ್ತಿ ಒತ್ತಿ ಬೆರಳ ತುದಿಗಳು ಗಟ್ಟಿಯಾಗಿ, ಬಿಳಿಚಿಕೊಂಡಿದ್ದವು.

“ಅಪ್ಪಾ, ಇಲ್ಲಿ ಹಚ್ಚಿ.”

ರಾಯರು ಕನ್ನಡಕ ಸರಿಮಾಡಿಕೊಂಡು ಆ ಬೆರಳುಗಳನ್ನು ನೋಡಿದರು. ಆಮೇಲೆ ಯಾರೋ ಫೋನನ್ನು ಮೇಜಿನ ಮೇಲಿಟ್ಟರು. ನನಗೆ ತಿರುಗುವ ಫ್ಯಾನು ಮಾತ್ರ ಕಾಣುತ್ತಿತ್ತು. ಪಾಯಸದ ಸೌಟು ಹಿಡಿದು ಹಾಗೆಯೇ ನಿಂತಿದ್ದೆ, ಕಾಲ್ ಕಟ್ ಮಾಡಲು ಮನಸ್ಸಾಗಲಿಲ್ಲ.

“ಒಣಗುವ ತನಕ ನುಡಿಸಬೇಡ,” ಎಂದು ರಾಯರು ಹೇಳುವುದು ಕೇಳಿಸಿತು.